ಬೇಲಿಯೊಳಗಿನ ಹತ್ತಿ

ಶಿಲ್ಪಾರಾಣಿಗೆ ಸಮೀಕ್ಷೆಯ ಕೆಲಸ ಸಿಕ್ಕಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅವಳ ಮಾವ ಸಾಯಪ್ಪ. ಕಾಡುಹಂದಿಗಳಿಂದ ಬೆಳೆ ಉಳಿಸಲು ಸರ್ಕಾರ ಕೊಟ್ಟ ಸೋಲಾರ್ ಬೇಲಿ, ಹೊಲದ ಸುತ್ತ ಸಿಂಪಡಿಸುವ ವಾಸನೆಯ ಔಷಧ, ಬೆಳೆ ಹಾಳಾದವರಿಗೆ ಕೊಡುವ ಪರಿಹಾರ, ಇವೆಲ್ಲ ರೈತರಿಗೆ ಎಷ್ಟು ಉಪಯೋಗಕ್ಕೆ ಬಂದಿವೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸ. ಆರು ವಾರದ್ದು. ಮೊಗುಡಂಪಲ್ಲಿ ಮಂಡಲದ ಗಡಿ ಊರುಗಳಿಗೆ ತೆಲುಗೂ ಕನ್ನಡವೂ ಬರುವವರು ಬೇಕಾಗಿದ್ದರು. ಶಿಲ್ಪಾರಾಣಿ ಬೀದರ್ ಕಡೆಯವಳು, ಡಿ.ಎಡ್. ಮುಗಿಸಿದವಳು, ಮದುವೆಯಾಗಿ ಬಂದ ಮೂರು ವರ್ಷದಲ್ಲಿ ತೆಲುಗು ಕಲಿತಿದ್ದಳು.

"ನಮ್ಮ ಮನಿ ಪಾಳಿ ಬಂದಾಗ ಬರಾಬರ್ ಬರಕೊ," ಎಂದ ಸಾಯಪ್ಪ. "ಎರಡು ವರ್ಷ ಆತು, ನಮ್ಮ ಹೊಲದಾಗ ಒಂದು ಹಂದಿ ಕಾಲಿಟ್ಟಿಲ್ಲ."

ಅದು ಸುಳ್ಳಲ್ಲ. ಅವರ ಎರಡು ಎಕರೆಗೆ ಸಬ್ಸಿಡಿಯ ಬೇಲಿ ಬಂದು ಎರಡು ವರ್ಷವಾಗಿತ್ತು. ಮೂರು ಕಡೆ ತಂತಿ ನಿಂತಿತ್ತು, ಹಳ್ಳದ ಕಡೆ ಕಂಬ ಸಾಲಲಿಲ್ಲ. ಇಲಾಖೆಯವರು ಅಚ್ಚು ಹಾಕಿಸಿದ ಕರಪತ್ರದಲ್ಲಿ ಸಾಯಪ್ಪನ ಫೋಟೋ ಬಂದಿತ್ತು. ಬೇಲಿಯ ಮುಂದೆ ಅವನು, ಪಕ್ಕದಲ್ಲಿ ಅವನ ಭುಜದ ಮೇಲೆ ಕೈಯಿಟ್ಟು ನಿಂತ ಒಬ್ಬ ಸಾಹೇಬ. ಆ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬುದ್ಧ ಮತ್ತು ಅಂಬೇಡ್ಕರರ ಚಿತ್ರಗಳ ಕೆಳಗೆ ಗೋಡೆಗೆ ಹಚ್ಚಿದ್ದ.

ಅತ್ತೆ ಅಂಜಮ್ಮನ ಚಿಂತೆ ಬೇರೆ. "ಬೆಳಿಗ್ಗಿ ಎಂಟಕ್ಕ ನೀ ಹೊಂಟ್ರ ಅಡಗಿ ಯಾರು ಮಾಡಬೇಕು? ನೀರು ಯಾರು ತುಂಬಬೇಕು? ನನ್ನ ಮೊಣಕಾಲು ನಿನಗ ಗೊತ್ತಿಲ್ಲೇನು?"

"ನೀರು ನಾ ತುಂಬ್ತೀನಿ, ಎಮ್ಮೀನೂ ನೋಡ್ತೀನಿ," ಎಂದ ಮಗ ಕ್ರಾಂತಿಕುಮಾರ. ಜಹೀರಾಬಾದಿನ ಬಸ್ ಡಿಪೋದಲ್ಲಿ ಅವನು ಮೆಕ್ಯಾನಿಕ್.

"ನೀ ಎಮ್ಮಿ ಹತ್ರ ಹೋದ್ರ ಅದು ಒದೀತದ. ಡಿಪೋದ ಎಣ್ಣಿ ವಾಸನಿ ಅದಕ್ಕ ಆಗಂಗಿಲ್ಲ."

ಕಡೆಗೆ ಶಿಲ್ಪಾರಾಣಿ ನಸುಕಿನಲ್ಲೇ ಎದ್ದು ಅನ್ನ, ಬೇಳೆ ಮಾಡಿಟ್ಟು ಹೋಗುವುದೆಂದೂ, ಎಮ್ಮೆಯನ್ನು ಅಂಜಮ್ಮನೇ ಹಿಂಡುವುದೆಂದೂ, ನೀರು ಮಗನದೆಂದೂ ತೀರ್ಮಾನವಾಯಿತು. ಸಾಯಪ್ಪನಿಗೆ ಯಾರೂ ಯಾವ ಕೆಲಸವನ್ನೂ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಮೇಲ್ವಿಚಾರಕ ಜೈಪಾಲ ನಾರಾಯಣಖೇಡದವನು. ಕೆಟ್ಟವನಲ್ಲ, ಆದರೆ ಅವಸರದ ಮನುಷ್ಯ. ದಿನಕ್ಕೆ ಎಂಟು ಮನೆ ಮುಗಿಯಬೇಕು ಎಂದು ಮೊದಲೇ ಹೇಳಿದ್ದ. ಟ್ಯಾಬಿನಲ್ಲಿ ಪ್ರಶ್ನೆಗಳು ಸಾಲಾಗಿ ಬರುತ್ತಿದ್ದವು. ಬೇಲಿ ಸಿಕ್ಕಿದೆಯೇ? ಔಷಧ ಸಿಕ್ಕಿದೆಯೇ? ಮೊದಲು ಎಷ್ಟು ಬೆಳೆ ಹಾಳಾಗುತ್ತಿತ್ತು? ಈಗ ಎಷ್ಟು? ಮೊದಲ ನಾಲ್ಕು ದಿನ ಶಿಲ್ಪಾರಾಣಿ ಪಟಪಟನೆ ಒತ್ತಿ ಮುಗಿಸಿದಳು. ಬಹಳ ಮನೆಗಳಲ್ಲಿ ನಷ್ಟ ಕಡಿಮೆಯಾಗಿತ್ತು. ಸರ್ಕಾರ ಒಂದಾದರೂ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡಳು.

ಐದನೆಯ ದಿನ ಸಾಯಮ್ಮನೆಂಬ ಮುದುಕಿ ಸಿಕ್ಕಳು. ಅಂಗಳದಲ್ಲಿ ಕೂತು ಪುಂಡಿಸೊಪ್ಪು ಬಿಡಿಸುತ್ತಿದ್ದಳು.

"ಈ ವರ್ಷ ಹಂದಿಯಿಂದ ನುಕ್ಸಾನ ಆಗ್ಯಾದೇನಮ್ಮ?"

"ಇಲ್ಲವ್ವ."

"ಮೊದಲು?"

"ಮೊದಲು ಭಾಳ. ಶೇಂಗಾ ಅಂಬೋದು ಮನಿಗಿ ಬರ್ತಿದ್ದಿಲ್ಲ."

"ಹಂಗಾದ್ರ ಬೇಲಿಯಿಂದ ಉಪಯೋಗ ಆಗ್ಯಾದ ಅಂತ ಬರೀಲಾ?"

ಸಾಯಮ್ಮ ಸೊಪ್ಪಿನಿಂದ ತಲೆಯೆತ್ತಿ ನೋಡಿದಳು. "ಯಾವ ಬೇಲಿ? ನನಗ ಬೇಲಿ ಎಲ್ಲಿ ಬಂದದ? ನಾ ಶೇಂಗಾ ಬಿತ್ತೋದೇ ಬಿಟ್ಟೀನಿ. ಬರೇ ನೆಲ ಅದ ಅಲ್ಲಿ. ನೆಲಕ್ಕ ಏನು ನುಕ್ಸಾನ ಆಗ್ತದ?"

ಶಿಲ್ಪಾರಾಣಿ ಟ್ಯಾಬ್ ನೋಡಿದಳು. ಮೊದಲು ನಷ್ಟ ಹೆಚ್ಚು, ಈಗ ನಷ್ಟ ಇಲ್ಲ. ಒತ್ತಬೇಕಾದದ್ದು ಅದನ್ನೇ. ಬಿತ್ತುವುದೇ ಬಿಟ್ಟವರಿಗೆ ಅಲ್ಲಿ ಜಾಗವಿರಲಿಲ್ಲ. ಒತ್ತಿದಳು. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು, ಮೊದಲು ಏನು ಬಿತ್ತುತ್ತಿದ್ದಿರಿ, ಈಗ ಯಾವುದನ್ನು ಬಿಟ್ಟಿದ್ದೀರಿ ಎಂದು ಕೇಳಿ ಬರೆದುಕೊಂಡಳು.

"ನನ್ನ ಹೆಸರು ಬರೀಬ್ಯಾಡ," ಎಂದಳು ಸಾಯಮ್ಮ. "ನೆಲ ಬೀಳು ಬಿಟ್ಟಾಳ ಅಂತ ಸರ್ಕಾರದ ರೊಕ್ಕ ಏನರೆ ನಿಲ್ಲಿಸಿಬಿಟ್ಟಾರು."

ಅಂದಿನಿಂದ ಪ್ರತಿ ಮನೆಯಲ್ಲೂ ಅದೊಂದು ಪ್ರಶ್ನೆ ಹೆಚ್ಚಾಯಿತು. ಆ ಪ್ರಶ್ನೆ ಕೇಳಿದರೆ ಜನ ಬಾಯಿ ಬಿಡುತ್ತಿದ್ದರು. ಎಂಟು ಮನೆ ಐದಕ್ಕೆ ಇಳಿಯಿತು. ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಜೈಪಾಲ ಫೋನಿನಲ್ಲಿ ರೇಗಿದ.

"ಫಾರ್ಮಿನಾಗ ಇಲ್ದಿದ್ದು ಯಾಕ ಕೇಳ್ತೀರಿ? ಅದನ್ನ ಎಲ್ಲಿ ಹಾಕಬೇಕು ನಾನು?"

"ಎಲ್ಲೂ ಹಾಕಬ್ಯಾಡ್ರಿ ಸರ್. ನೋಟ್‌ಬುಕ್ಕಿನಾಗ ಇರ್ಲಿ."

"ಹಂಗಾದ್ರ ಬಸ್ಸಿನಾಗ ಕೂತು ಬರೀರಿ. ಮಂದಿ ಮನಿಯಾಗ ಎಂಟು ಫಾರ್ಮ್ ಮುಗಸ್ರಿ."

ಮನೆಯಲ್ಲಿ ಅಂಜಮ್ಮನ ಸಹನೆಯೂ ಮುಗಿದಿತ್ತು. ಒಂದು ಸಂಜೆ ಶಿಲ್ಪಾರಾಣಿ ಒಳಗೆ ಬಂದಾಗ ಅತ್ತೆ ಒಲೆಯ ಮುಂದೆ ಕೂತಿದ್ದಳು. ಹೆಂಚಿನ ಮೇಲಿನ ರೊಟ್ಟಿ ನಡುವೆ ಬಿರಿದು ಎರಡು ಹೋಳಾಗಿತ್ತು. ತಟ್ಟೆಯಲ್ಲಿ ಇನ್ನೂ ಮೂರು ಅಂಥವೇ.

"ನೋಡು, ನಲವತ್ತು ವರ್ಷ ರೊಟ್ಟಿ ಬಡದ ಕೈ ಇದು. ಈ ಅಂಗಡಿ ಹಿಟ್ಟಿಗಿ ಜಿಗಿನೇ ಇಲ್ಲ. ಯಾವ ಕಾಲದ ಜ್ವಾಳ ಬೀಸ್ಯಾರೋ!"

"ಅನ್ನಾನೇ ಇತ್ತಲ್ಲ ಅತ್ತಿ."

"ಮೂರು ಹೊತ್ತೂ ರೇಷನ್ ಅಕ್ಕಿ ಅನ್ನ ಉಣ್ಣಾಕ ನಾ ಏನು ದವಾಖಾನಿ ಒಳಗ ಅದೀನಾ?"

ಕ್ರಾಂತಿಕುಮಾರ ಹೋಳು ರೊಟ್ಟಿಯನ್ನೇ ಬೇಳೆಯಲ್ಲಿ ಅದ್ದಿ ತಿಂದು, "ಹರದದ್ದೂ ರೊಟ್ಟೀನೇ," ಎಂದ. ತಾಯಿ ಅವನನ್ನು ದುರುಗುಟ್ಟಿ ನೋಡಿದಳು. ಸಾಯಪ್ಪ ತಲೆ ತಗ್ಗಿಸಿ ಉಂಡು ಎದ್ದು ಹೋದ.

ನಾಲ್ಕನೆಯ ವಾರ ಅವರ ಊರಿನ ಪಾಳಿ ಬಂತು. ಸ್ವಂತ ಮನೆಯ ಫಾರ್ಮು ತಾನೇ ತುಂಬುವಂತಿಲ್ಲ ಎಂಬ ನಿಯಮವಿದ್ದುದರಿಂದ ಆ ಮನೆಗೆ ಜೈಪಾಲನೇ ಬಂದ. ಸಾಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿ ಒರೆಸಿ ಹಾಕಿದ. ಗೋಡೆಯ ಮೇಲಿನ ಫೋಟೋ ತೋರಿಸಿದ. ಜೈಪಾಲ ಅದನ್ನು ನೋಡಿ, "ಮುಂದಿನ ವಾರ ಜಹೀರಾಬಾದಿನಾಗ ಮೀಟಿಂಗ್ ಅದ. ಬೇಲಿಯಿಂದ ಉಪಯೋಗ ಆದ ರೈತರ ಪೈಕಿ ನಿಮ್ಮ ಹೆಸರೂ ಅದ. ನೀವು ಮಾತಾಡಬೇಕು," ಎಂದ. ಸಾಯಪ್ಪನ ಮುಖ ಅರಳಿತು.

"ಹೋದ ವರ್ಷ ಹಂದಿ ನುಕ್ಸಾನ ಎಷ್ಟು?"

"ಸೊನ್ನಿ ಬರಕೊರಿ."

"ಬೇಲಿ ಬರೋ ಮೊದಲು?"

"ಅರ್ಧಕ್ಕರ್ಧ. ಒಂದು ವರ್ಷ ಶೇಂಗಾ ಪೂರಾ ಅಗದು ಹಾಕಿದ್ವು."

ಅಂಜಮ್ಮ ಚಹಾ ತಂದಿಟ್ಟಳು. "ಈಗ ಶೇಂಗಾ ಎಲ್ಲದ, ಅದನ್ನೂ ಹೇಳ್ರಿ ಅವರಿಗಿ."

"ನೀ ಒಳಗ ಹೋಗು."

"ಯಾಕ ಹೋಗ್ಲಿ? ಸಾಹೇಬ್ರ, ಬೇಲಿ ಬಂದ ವರ್ಷಾನೇ ಇವರು ಹತ್ತಿ ಹಾಕ್ಯಾರ. ಹತ್ತಿಗಿ ಹಂದಿ ಬಾಯಿ ಹಾಕಂಗಿಲ್ಲ, ಬೇಲಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಹಳ್ಳದ ದಂಡಿಗಿ ಅರ್ಧ ಎಕರೆ ಕರಿಮಣ್ಣು ಬೀಳು ಬಿದ್ದದ. ಆ ಕಡಿ ತಂತಿ ಇಲ್ಲ ಅಂತ ಬಿತ್ತೋದೇ ಇಲ್ಲ ಅಂತಾರ. ನಾ ಈ ಹೊಲ ಬಂದಾಗಿನಿಂದ ಅಲ್ಲೀ ಜ್ವಾಳ ಉಂಡಾಕಿ."

"ಆಕಿ ಮಾತು ಬರಕೋಬ್ಯಾಡ್ರಿ," ಎಂದ ಸಾಯಪ್ಪ. "ಉತ್ತರ ಹೇಳಾಂವ ನಾನು."

ಜೈಪಾಲ ಟ್ಯಾಬಿನಲ್ಲಿ ಏನೋ ನೋಡಿ ಕೆಮ್ಮಿದ. "ಹೊಲದ ಪಾಸ್‌ಬುಕ್ ಅಂಜಮ್ಮ ಅನ್ನೋ ಹೆಸರಿಗಿ ಅದ. ಅಂಜಮ್ಮ ಅಂದ್ರ?"

"ನಾನೇ," ಎಂದಳು ಅಂಜಮ್ಮ. ಬಡವರಿಗೆ ಭೂಮಿ ಹಂಚಿದಾಗ ಹೆಂಗಸರ ಹೆಸರಿಗೇ ಕೊಟ್ಟಿದ್ದರು. ಆ ಮಾತು ಮನೆಯಲ್ಲಿ ಯಾರಿಗಾದರೂ ನೆನಪಿಗೆ ಬರುತ್ತಿದ್ದುದು ಅಪರೂಪ.

"ಹಂಗಾದ್ರ ನಿಯಮದ ಪ್ರಕಾರ ಉತ್ತರ ಅಮ್ಮನೇ ಹೇಳಬೇಕಾಗ್ತದರಿ."

ಸಾಯಪ್ಪ ಚಹಾ ಮುಟ್ಟದೆ ಎದ್ದು ಹೊರಟುಹೋದ. ಅಂಜಮ್ಮ ಅದೇ ಕುರ್ಚಿಯ ಮೇಲೆ ಕೂತು ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳಿದಳು. ಮುಗಿದ ಮೇಲೆ ಜೈಪಾಲ ಅಂಗಳಕ್ಕೆ ಬಂದು ಶಿಲ್ಪಾರಾಣಿಯನ್ನು ಕೇಳಿದ: "ಆ ನೋಟ್‌ಬುಕ್ ತೋರಿಸ್ರಿ." ನಿಂತಲ್ಲೇ ಬಹಳ ಹೊತ್ತು ಓದಿದ. ಆಮೇಲೆ ಒಂದೊಂದೇ ಪುಟದ ಫೋಟೋ ತೆಗೆದುಕೊಂಡ.

ಎರಡು ದಿನ ಸಾಯಪ್ಪ ಮನೆಯಲ್ಲಿ ಉಣ್ಣಲಿಲ್ಲ. ಹೊಲದ ನೆರೆಯವನಾದ ವೀರಭದ್ರನ ಚಹಾದಂಗಡಿಯಲ್ಲಿ ಮಂಡಕ್ಕಿ ಸುಸಲಾ ತಿಂದು ದಿನ ತಳ್ಳಿದ. ಅಂಜಮ್ಮ ಅವನ ತಟ್ಟೆ ತುಂಬಿ ಮುಚ್ಚಿಡುತ್ತಿದ್ದಳು, ಮರುದಿನ ಎಮ್ಮೆಗೆ ಹಾಕುತ್ತಿದ್ದಳು.

"ನೀನರೆ ಒಂದು ಮಾತು ಕರಿ," ಎಂದ ಕ್ರಾಂತಿಕುಮಾರ ತಾಯಿಗೆ.

"ನಾ ಸುಳ್ಳು ಹೇಳೀನೇನು?"

"ಸುಳ್ಳಲ್ಲ. ಮಂದಿ ಮುಂದ ಹೇಳಿದಿ."

"ಮನಿಯಾಗ ಹೇಳಿದಾಗ ಯಾರು ಕೇಳ್ಯಾರ? ನೀ ಕೇಳೀದೇನು?"

ಅವನು ಕೊಡ ತೆಗೆದುಕೊಂಡು ನಲ್ಲಿಯ ಕಡೆ ಹೋದ.

ಭಾನುವಾರ ಶಿಲ್ಪಾರಾಣಿಗೆ ರಜೆ. ಹತ್ತಿಯಲ್ಲಿ ಕಳೆ ಕೀಳಲು ಹೊಲಕ್ಕೆ ಹೋದಳು. ಸಾಯಪ್ಪ ಆಗಲೇ ಒಂದು ಸಾಲು ಮುಗಿಸಿದ್ದ. ಅವಳು ಪಕ್ಕದ ಸಾಲು ಹಿಡಿದಳು. ಅರ್ಧ ಸಾಲಿನವರೆಗೆ ಇಬ್ಬರೂ ಕಳೆ ಕಿತ್ತರು.

"ಆ ಫೋಟೋ ನಾ ಬೇಲಿ ಸಲುವಾಗಿ ಹಚ್ಚಿಲ್ಲ," ಎಂದ ಅವನು ತಲೆಯೆತ್ತದೆ. "ನಮ್ಮಪ್ಪ ಕಚೇರಿಗಿ ಅರ್ಜಿ ಕೊಡಾಕ ಹೋದ್ರ ನೆಲದ ಮ್ಯಾಲ ಇಡು ಅಂತಿದ್ರು. ಕೈಯಾಗ ತೊಗೊತಿದ್ದಿಲ್ಲ. ನಾ ಅಪ್ಪನ ಬಾಜೂಕ ನಿಂತು ನೋಡೀನಿ. ಆ ಸಾಹೇಬ ನನ್ನ ಭುಜದ ಮ್ಯಾಲ ಕೈ ಹಾಕಿ ನಿಂತ. ನಾ ಹಾಕ್ರಿ ಅಂದಿದ್ದಿಲ್ಲ. ತಾನೇ ಹಾಕಿದ."

ಶಿಲ್ಪಾರಾಣಿ ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದಳು.

"ಮಾಮಾ, ನಾ ನೋಟ್‌ಬುಕ್ಕಿನಾಗ ಯಾರ ಹೆಸರೂ ಬರದಿಲ್ಲ. ಬಿಟ್ಟ ಬೆಳಿ ಅಷ್ಟೇ ಬರದೀನಿ."

"ನಮ್ಮೂರಾಗ ಎಷ್ಟು ಮಂದಿ ಬಿಟ್ಟಾರ?"

"ಹನ್ನೊಂದು ಮನಿಯಾಗ ಎಂಟು."

"ವೀರಭದ್ರ?"

"ಅವರೂ. ಜ್ವಾಳಾನೂ ಬಿಟ್ಟಾರ, ಮೆಕ್ಕಿಜ್ವಾಳಾನೂ ಬಿಟ್ಟಾರ."

ಸಾಯಪ್ಪ ಕೆಲಸ ನಿಲ್ಲಿಸಿದ. "ದಿನಾ ಅಂವನ ಅಂಗಡಿಯಾಗ ಕೂಡ್ತೀನಿ. ನನಗೊಂದು ಮಾತು ಹೇಳಿಲ್ಲ."

"ನೀವು ಅವರಿಗಿ ಹೇಳೀರೇನು?"

ಅವನು ಮತ್ತೆ ಕಳೆಗೆ ಬಗ್ಗಿದ. ಆ ಮಧ್ಯಾಹ್ನ ಮನೆಗೆ ಬಂದು ತಟ್ಟೆ ತಾನೇ ತೆಗೆದುಕೊಂಡು ಕೂತ. ಅಂಜಮ್ಮ ಅನ್ನ ಬಡಿಸಿದಳು. ಉಪ್ಪಿನಕಾಯಿ ಹಾಕಲೋ ಬೇಡವೋ ಎಂದು ಕೇಳಿದಳು. ಹಾಕು ಎಂದ.

ಮೀಟಿಂಗು ಜಹೀರಾಬಾದಿನ ಒಂದು ಮದುವೆ ಹಾಲಿನಲ್ಲಿ. ಮಾವ ಸೊಸೆ ಬಸ್ಸಿನಲ್ಲಿ ಒಟ್ಟಿಗೇ ಹೋದರು. ವೇದಿಕೆಯ ಮೇಲೆ ಅಧಿಕಾರಿಗಳು, ಕೆಳಗೆ ನೂರೈವತ್ತು ರೈತರು. ಫೋಟೋದಲ್ಲಿದ್ದ ಸಾಹೇಬ ವರ್ಗವಾಗಿ ಹೋಗಿದ್ದ. ಅವನ ಜಾಗದಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ಕೂತಿದ್ದಳು. ಎಲ್ಲವೂ ತೆಲುಗಿನಲ್ಲಿ ನಡೆಯಿತು.

ಮೊದಲು ಸಾಯಪ್ಪನನ್ನು ಕರೆದರು. ಮೈಕಿನ ಮುಂದೆ ನಿಂತು, ಬೇಲಿ ಕೊಟ್ಟ ಸರ್ಕಾರಕ್ಕೆ ನಮಸ್ಕಾರ, ನಮ್ಮ ಹೊಲಕ್ಕೆ ಹಂದಿ ಬಂದಿಲ್ಲ, ಎಂದಷ್ಟೇ ಹೇಳಿದ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಬಂದು ಕೂತ. ಹಿಂದೆ ಕೂತಿದ್ದ ಶಿಲ್ಪಾರಾಣಿಯ ಕಡೆ ತಿರುಗಲಿಲ್ಲ.

ಆಮೇಲೆ ಜೈಪಾಲನ ಸರದಿ. ನಷ್ಟ ಎಷ್ಟು ಕಡಿಮೆಯಾಗಿದೆ ಎಂಬ ಅಂಕಿ ಓದಿದ. ಮೇಲಿದ್ದವರು ತಲೆಯಾಡಿಸಿದರು. ಅವನು ಹಾಳೆ ತಿರುವಿದ.

"ಇನ್ನೊಂದು ವಿಷಯ ಅದ ಮೇಡಂ. ನೂರಾ ನಲವತ್ತು ಮನಿಯಾಗ ಬೇರೆ ಒಂದು ಪ್ರಶ್ನಿ ಕೇಳೀವಿ. ತೊಂಬತ್ತೊಂದು ಮನಿಯವರು ಹಂದಿ ತಿನ್ನೋ ಬೆಳಿ ಬಿತ್ತೋದೇ ಬಿಟ್ಟಾರ. ಶೇಂಗಾ, ಜ್ವಾಳ, ಮೆಕ್ಕಿಜ್ವಾಳ. ನುಕ್ಸಾನ ಕಮ್ಮಿ ಆಗಿದ್ದರಾಗ ಬೇಲಿ ಪಾಲು ಎಷ್ಟು, ಬಿಟ್ಟ ಬೆಳಿ ಪಾಲು ಎಷ್ಟು ಅಂತ ನಮ್ಮ ಫಾರ್ಮಿನಿಂದ ತಿಳಿಯಂಗಿಲ್ಲ."

ಹಾಲಿನಲ್ಲಿ ಗುಜುಗುಜು ಎದ್ದಿತು. ಅಧಿಕಾರಿ ಕನ್ನಡಕ ತೆಗೆದು ಕೇಳಿದಳು: "ಆ ತೊಂಬತ್ತೊಂದು ಮಂದಿ ಯಾರು? ಹೆಸರು ಕೊಡ್ರಿ."

ಜೈಪಾಲ ಹಿಂದಕ್ಕೆ ನೋಡಿದ. ಶಿಲ್ಪಾರಾಣಿ ಎದ್ದು ನಿಂತಳು. "ಹೆಸರು ಬರದಿಲ್ಲ ಮೇಡಂ. ಬರೀಬ್ಯಾಡ ಅಂದ್ರು. ಹೆದರ್ತಾರ."

"ಹೆಸರಿಲ್ಲದ ಲೆಕ್ಕ ನಾನು ಹೆಂಗ ನಂಬಬೇಕು? ನಾಳೆ ನನ್ನ ಮ್ಯಾಲಿನವರು ಕೇಳಿದ್ರ ಏನು ಹೇಳ್ಲಿ?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಶಿಲ್ಪಾರಾಣಿ ನಿಂತೇ ಇದ್ದಳು. ಜೈಪಾಲ ಹಾಳೆಗಳನ್ನು ಜೋಡಿಸತೊಡಗಿದ. ಆಗ ಮುಂದಿನ ಸಾಲಿನಲ್ಲಿ ಸಾಯಪ್ಪ ಎದ್ದ.

"ಒಂದು ಹೆಸರು ಬರಕೊರಿ ಅಮ್ಮ. ನಾನೇ ಈಗ ಮಾತಾಡಿದಂವ, ಸಾಯಪ್ಪ. ನನ್ನ ಬೇಲಿ ಒಳಗ ಹತ್ತಿ ಅದ. ಅರ್ಧ ಎಕರೆ ಬೀಳು ಅದ." ಎಂದವನು ತಡೆದು ನಿಂತ. "ಇಲ್ಲ, ಅದನ್ನ ಹೊಡದು ಹಾಕ್ರಿ. ಅಂಜಮ್ಮ ಅಂತ ಬರಕೊರಿ. ಹೊಲ ಆಕಿ ಹೆಸರಿಗಿ ಅದ. ಹೇಳಾಕೀನೂ ಆಕೀನೇ."

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ, ಬರೆದುಕೊಂಡಳು. ಹಿಂದಿನ ಸಾಲಿನಿಂದ ಇನ್ನಿಬ್ಬರು ಎದ್ದು ತಮ್ಮ ಹೆಸರು ಹೇಳಿದರು. ಮೂರನೆಯವನು ಅರ್ಧ ಎದ್ದವನು ಮತ್ತೆ ಕೂತ. ಊಟದ ಹೊತ್ತಾಗಿತ್ತು, ಮೀಟಿಂಗು ಮುಗಿಯಿತು.

ಬಸ್ಸಿನಲ್ಲಿ ಸಾಯಪ್ಪ ಒಂದೇ ಮಾತು ಕೇಳಿದ. "ಮನಿಗಿ ಹೋಗಿ ನಾ ಹೇಳ್ಬೇಕೋ, ನೀ ಹೇಳ್ತೀಯೋ?"

"ನೀವೇ ಹೇಳ್ರಿ."

ಮನೆಯಲ್ಲಿ ಅವನು ಹೇಳಿದ್ದನ್ನು ಅಂಜಮ್ಮ ಎಮ್ಮೆ ಹಿಂಡುತ್ತಲೇ ಕೇಳಿದಳು. "ನನ್ನ ಹೆಸರು ಎಲ್ಲರೆದುರಿಗಿ ಹೇಳಿದ್ರೀ?"

"ಆಗ ಕೈಯಾಗ ಮೈಕ್ ಇದ್ದಿಲ್ಲ. ಜೋರಾಗಿ ಹೇಳೀನಿ."

ಮೂರು ವಾರದ ಮೇಲೆ ಇಲಾಖೆಯ ಒಬ್ಬ ನೌಕರ ಬಂದು ಹಳ್ಳದ ಕಡೆ ಅಳತೆ ಮಾಡಿದ. ಆ ಭಾಗ ಮೊದಲ ಮಂಜೂರಾತಿಯಲ್ಲಿ ಇಲ್ಲ, ಹೊಸ ಅರ್ಜಿ ಕೊಡಿ, ಮುಂದಿನ ವರ್ಷದ ಪಟ್ಟಿಗೆ ಸೇರಿಸುತ್ತೇವೆ ಎಂದ. ಅಂಜಮ್ಮ ಸಹಿ ಹಾಕಿದ ಅರ್ಜಿಯನ್ನು ಕೈಯಲ್ಲೇ ತೆಗೆದುಕೊಂಡು ಹೋದ.

"ಮುಂದಿನ ವರ್ಷ ಬಿತ್ತೋಣ," ಎಂದ ಸಾಯಪ್ಪ.

"ಹಸಿ ಈಗ ಅದ ನೆಲದಾಗ. ಮುಂದಿನ ವರ್ಷದ ಹೊಟ್ಟಿ ಮುಂದಿನ ವರ್ಷಕ್ಕ."

"ಹಂದಿ ತಿಂತಾವ."

"ತಿನ್ನಲಿ. ಎಲ್ಲಾ ತಿಂತಾವೇನು?"

ಕ್ರಾಂತಿಕುಮಾರ ಎರಡು ದಿನ ರಜೆ ಹಾಕಿ ಹಳ್ಳದ ದಂಡೆಗೆ ಗುಣಿ ತೋಡಿ ಗೂಟ ನೆಟ್ಟ. ಅಂಜಮ್ಮ ಪೆಟ್ಟಿಗೆಯಿಂದ ಹಳೆಯ ಸೀರೆಗಳನ್ನೆಲ್ಲ ತೆಗೆದಳು. ಸಾಲದ್ದಕ್ಕೆ ಶಿಲ್ಪಾರಾಣಿ ತನ್ನ ಎರಡು ಕೊಟ್ಟಳು. ಹಂದಿ ತಡೆಯಲು ಗೂಟದಿಂದ ಗೂಟಕ್ಕೆ ಸೀರೆ ಬಿಗಿದು ಕಟ್ಟಿದರು. ದಸರೆ ಕಳೆದ ವಾರ ಆ ಅರ್ಧ ಎಕರೆಗೆ ಬಿಳಿಜೋಳ ಬಿತ್ತಿದರು. ವೀರಭದ್ರ ಬದುವಿನಲ್ಲಿ ನಿಂತು ನೋಡಿದ. "ಹುಚ್ಚರೇನು ನೀವು?" ಎಂದ. ಒಂದು ವಾರ ಬಿಟ್ಟು ಅವನೂ ಹತ್ತು ಗುಂಟೆ ಬಿತ್ತಿದ.

ಸಂಕ್ರಾಂತಿಯ ಹೊತ್ತಿಗೆ ಜೋಳ ತೆನೆ ಬಿಟ್ಟು ಹಾಲುಗಾಳು ಕಟ್ಟಿತು. ಒಂದು ಬೆಳಿಗ್ಗೆ ಹೊಲಕ್ಕೆ ಹೋದ ಅಂಜಮ್ಮನಿಗೆ ಮೂಲೆಯ ಬೆಳೆಯೆಲ್ಲ ನೆಲಕ್ಕೆ ಮಲಗಿದ್ದು ಕಂಡಿತು. ಎರಡು ಸೀರೆ ಹರಿದು ಹಳ್ಳದ ಕೆಸರಿನಲ್ಲಿ ಬಿದ್ದಿದ್ದವು. ಸುಮಾರು ಐದು ಗುಂಟೆ ಹೋಗಿತ್ತು. ಸಾಯಪ್ಪ ಬಂದು ನೋಡಿ ಬದುವಿನ ಮೇಲೆ ಕುಸಿದ.

"ನಾ ಹೇಳಿದ್ದಿಲ್ಲ?"

"ಹೇಳಿದ್ರಿ. ಈಗ ಏಳ್ರಿ, ಉಳಿದಿದ್ದು ಹದಿನೈದು ಗುಂಟೆ ಅದ." ಅವಳು ಆಗಲೇ ಹರಿದ ಸೀರೆ ಹಿಂಡಿ ಗಂಟು ಹಾಕುತ್ತಿದ್ದಳು. ಅವನು ಎದ್ದು ಇನ್ನೊಂದು ತುದಿ ಹಿಡಿದ.

ಪರಿಹಾರಕ್ಕೆ ಅರ್ಜಿ ಕೊಟ್ಟರು. ಒಬ್ಬ ಬಂದು ಫೋಟೋ ತೆಗೆದುಕೊಂಡು ಹೋದ. ಮತ್ತೇನೂ ಆಗಲಿಲ್ಲ.

ಮುಂದಿನ ತಿಂಗಳು ಜೈಪಾಲ ಶಿಲ್ಪಾರಾಣಿಗೆ ಫೋನ್ ಮಾಡಿದ. ವರದಿ ಹೋಗಿದೆ, ಬಿಟ್ಟ ಬೆಳೆಯ ಮಾತು ಒಂದು ಪುಟದಲ್ಲಿ ಬಂದಿದೆ, ಮೇಲಿನವರು ಓದುತ್ತಾರೋ ಇಲ್ಲವೋ ತನಗೆ ಗೊತ್ತಿಲ್ಲ ಎಂದ. ಈಗ ಬಶೀರಾಬಾದ್ ಕಡೆ ಹೊಸ ಸಮೀಕ್ಷೆ ಇದೆ. ಅದರ ಫಾರ್ಮಿನಲ್ಲಿ ಅವಳ ಪ್ರಶ್ನೆಯೇ ಮೊದಲನೆಯದು. ಬರುತ್ತೀರಾ ಎಂದು ಕೇಳಿದ.

ಅವಳು ಮನೆಯಲ್ಲಿ ಹೇಳಿದಾಗ ಅಂಜಮ್ಮ ದಾರಿಯ ಲೆಕ್ಕ ಹಾಕಿದಳು. "ಬಶೀರಾಬಾದ್ ದೂರ ಅದ. ಅಲ್ಲೇ ಬಾಜೂಕ ತಾಂಡೂರಿನಾಗ ನಮ್ಮ ಅಕ್ಕನ ಮಗಳು ಶಿವಕಾಂತಾ ಅದಾಳ, ವಾರಕ್ಕ ಐದು ದಿನ ಅಲ್ಲೇ ಇರು. ಆದ್ರ ರಾಶಿ ಮುಗಿಸಿ ಹೋಗು."

ಫೆಬ್ರುವರಿಯ ಕೊನೆಯ ವಾರ ನಾಲ್ವರೂ ಜೋಳ ಕೊಯ್ಯುತ್ತಿದ್ದರು. ಬಿಸಿಲು ಏರುವ ಮೊದಲು ಮುಗಿಸಬೇಕೆಂದು ಅವಸರದಲ್ಲಿದ್ದರು. ಸಾಯಪ್ಪನ ಫೋನು ರಿಂಗಾಯಿತು. ಇಲಾಖೆಯಿಂದ ಒಬ್ಬ ಹುಡುಗಿ. ಬೇಲಿ ಪಡೆದ ರೈತರಿಗೆಲ್ಲ ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆ ಎಂದು ತೆಲುಗಿನಲ್ಲಿ ಹೇಳಿದಳು.

"ಈ ವರ್ಷ ಹಂದಿಯಿಂದ ನುಕ್ಸಾನ ಆಗಿದೆಯೇ?"

"ಆಗ್ಯಾದ ತಾಯಿ. ಐದು ಗುಂಟೆ ಜ್ವಾಳ."

"ಹೋದ ವರ್ಷ ಸೊನ್ನೆ ಅಂತ ಇದೆ. ಹಾಗಾದರೆ ನುಕ್ಸಾನ ಹೆಚ್ಚಾಗಿದೆ ಎಂದು ಬರೆಯಲೇ?"

"ಹೆಚ್ಚಾಗ್ಯಾದ ಅಂತಾನೇ ಬರಿ," ಎಂದ ಸಾಯಪ್ಪ. "ಉಳಿದದ್ದು ಈಗ ಕೊಯ್ಯಾಕ ಹತ್ತೀವಿ, ಕೈ ಬಿಡುವಿಲ್ಲ. ಮತ್ತೇನರೆ ಕೇಳೋದಿದ್ರ ಅಂಜಮ್ಮನ್ನ ಕೇಳು, ಸಂಜೀಗಿ ಮನಿಯಾಗ ಇರ್ತಾಳ."

ಫೋನನ್ನು ಅಂಗಿಯ ಜೇಬಿಗೆ ಹಾಕಿ, ಕುಡುಗೋಲು ಹಿಡಿದು ತನ್ನ ಸಾಲಿಗೆ ಬಗ್ಗಿದ.